ಮೂರು ಹೂವು, ಎರಡು ಜೇಬು

ಹೊಲಿಯುವುದೇನು ಬ್ರಹ್ಮವಿದ್ಯೆಯೇ? ಸೂಜಿ ಇದೆ, ದಾರ ಇದೆ, ಎಲ್ಲಕ್ಕೂ ಮಿಗಿಲಾಗಿ ನಾನಿದ್ದೇನೆ! ಹೆಂಡತಿಯ ನೀಲಿ ಕುರ್ತಾದ ಅಂಚು ಬಿಚ್ಚಿಹೋಗಿತ್ತು. ಸಂಜೆ ಅದನ್ನೇ ತೊಟ್ಟು ಅವಳು ಜೀವನದಲ್ಲಿ ಮೊದಲ ಸಲ ವೇದಿಕೆ ಹತ್ತಿ ಭಾಷಣ ಮಾಡಬೇಕಿತ್ತು. ದರ್ಜಿ ಅಂಗಡಿಗೆ ಬೀಗ.

"ನಾನಿದ್ದೀನಲ್ಲ, ನೀನು ಭಾಷಣ ನೋಡ್ಕೋ ಹೋಗು!" ಎಂದು ಎದೆ ತಟ್ಟಿಕೊಂಡೆ. ತಟ್ಟಿದ್ದು ನನ್ನ ಸುಪ್ರಸಿದ್ಧ ಎರಡು ಜೇಬಿನ ಶರ್ಟಿನ ಮೇಲೆ. ಆಫೀಸಿನಲ್ಲಿ ಮ್ಯಾನೇಜರೇ ಹೊಟ್ಟೆ ಉರಿದುಕೊಂಡ ಶರ್ಟು ಅದು.

"ಹುಷಾರು ರೀ, ಇರೋದು ಅದೊಂದೇ ಒಳ್ಳೇ ಕುರ್ತಾ," ಎಂದು ಅವಳು ಪಕ್ಕದ ಕೋಣೆಗೆ ಹೋಗಿ ಬಾಯಿಪಾಠ ಶುರುಮಾಡಿದಳು.

ಕುರ್ತಾವನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿದೆ. ಎಂಥ ಹೊಲಿಗೆ! ಇರುವೆ ಸಾಲು ನಾಚಬೇಕು! ಗಂಟು ಹಾಕಿ ಗತ್ತಿನಿಂದ ಎದ್ದೆ. ಕುರ್ತಾವೂ ನನ್ನೊಂದಿಗೇ ಎದ್ದಿತು. ಅದನ್ನು ನನ್ನ ಪೈಜಾಮಕ್ಕೆ ಸೇರಿಸಿ ಹೊಲಿದುಬಿಟ್ಟಿದ್ದೆ!

ಅಷ್ಟರಲ್ಲಿ ಪಕ್ಕದ ಕೋಣೆಯ ಭಾಷಣ ನಿಂತಿತು. ಗಾಬರಿಯಲ್ಲಿ ಕತ್ತರಿ ಆಡಿಸಿದೆ. ಪೈಜಾಮ ಪಾರಾಯಿತು, ಕುರ್ತಾಕ್ಕೆ ತೂತು ಬಿತ್ತು. ಹಳೆಯ ದಿಂಬಿನ ಚೀಲದಿಂದ ಒಂದು ಕೆಂಪು ಹೂವು ಕತ್ತರಿಸಿ, ತೂತಿನ ಮೇಲಿಟ್ಟು ಹೊಲಿದೆ.

ಅವಳು ಬಂದಳು. "ಹೊಸ ಡಿಸೈನು!" ಎಂದೆ.

ಹೂವನ್ನು ಬೆರಳಿನಿಂದ ಸವರಿ, "ಕೆಳಗಿರೋ ತೂತು ಎಷ್ಟು ದೊಡ್ಡದು?" ಎಂದಳು.

"ನಿಂಗೆ ಹೇಗೆ ಗೊತ್ತಾಯ್ತು?"

"ಒಂದೇ ಹೂವಿದ್ರೆ ಅನುಮಾನ ಬರುತ್ತೆ ರೀ. ಮೂರಿದ್ರೆ ಡಿಸೈನು."

ಇನ್ನೆರಡು ಹೂವು ಕತ್ತರಿಸಿ, ಅಂಚನ್ನೂ ಸೇರಿಸಿ ಅವಳೇ ಚಕಚಕನೆ ಹೊಲಿದಳು. ಕುರ್ತಾ ಈಗಷ್ಟೇ ಅಂಗಡಿಯಿಂದ ತಂದಂತಾಯಿತು! ಸಂಜೆಯ ಮಾನ ಉಳಿಯಿತು. ಆದರೆ ನನ್ನ ಕುತೂಹಲ ಸುಮ್ಮನಿರಬೇಕಲ್ಲ?

"ಇದನ್ನೆಲ್ಲ ಎಲ್ಲಿ ಕಲಿತೆ?"

ಅವಳು ನನ್ನ ಶರ್ಟಿನ ಬಲಗಡೆ ಜೇಬನ್ನು ನೋಡಿದಳು. ಜೇಬಿಗೆ ಬೆರಳು ಹಾಕಿದೆ. ಬೆರಳು ನೇರವಾಗಿ ಬನಿಯನ್ನಿಗೆ ತಾಗಿತು!

"ಇಸ್ತ್ರಿ ಮಾಡುವಾಗ ಸುಟ್ಟುಹೋಯ್ತು. ಮುಚ್ಚೋಕೆ ಒಂದು ಜೇಬು ಹೊಲಿದೆ. ಈಗ ಎರಡು ಜೇಬೇ ಫ್ಯಾಷನ್ನು ಅಂದೆ, ನೀವು ನಂಬಿದ್ರಿ."

"ಅದೇ ಬಟ್ಟೆ ಎಲ್ಲಿ ಸಿಕ್ತು?"

"ಶರ್ಟಿನ ಕೆಳಗಿಂದ ಕತ್ತರಿಸ್ಕೊಂಡೆ."

ನಾನು ಕುಣಿಯುವುದೊಂದು ಬಾಕಿ! ಹೊಟ್ಟೆ ಬಂದು ಶರ್ಟು ಮೇಲೇರಿದೆಯೆಂದು ತಿಳಿದು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೆ.

"ಹಾಗಾದ್ರೆ ನಂಗೆ ಹೊಟ್ಟೆ ಬಂದೇ ಇಲ್ಲ!"

ಅವಳು ದಾರ ಕಚ್ಚಿ ಕತ್ತರಿಸಿದಳು. "ಶರ್ಟು ಗಿಡ್ಡ ಆಗಿದ್ದು ನನ್ನಿಂದ. ಗುಂಡಿ ಕಿತ್ತು ಬರ್ತಿರೋದು ನಿಮ್ಮಿಂದ. ಅದನ್ನ ಮುಚ್ಚೋಕೆ ಯಾವ ಹೂವೂ ಸಾಲಲ್ಲ ರೀ!"