ಅತ್ತೆಗೊಂದು, ಎತ್ತಿಗೊಂದು ಬೆಲ್ಟು

...ಅಥವಾ ಅದು ಇಟಗಿಯ ತಿರುವೇ ಅಲ್ಲವೇನೋ. ಪುರ್ತಗೇರಿ ಹತ್ತಿರದ ಹಳ್ಳದ ಇಳಿಜಾರು ಇದ್ದರೂ ಇರಬಹುದು. ನಾನಂತೂ ಸ್ಥಳದಲ್ಲಿರಲಿಲ್ಲ. ಆದರೂ ಕೇಳಿ ಕೇಳಿ, ಹೇಳಿ ಹೇಳಿ, ಈಗ ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿ ನೆನಪಿದೆ. ಇಂಥ ನೆನಪನ್ನು ನಂಬಬಾರದು. ಒಂದು ಮಾತನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ: ಹೆಂಡತಿ ಜೀಪಿನಿಂದ ಬಿದ್ದ ಮೇಲೂ ಎರಡು ಫರ್ಲಾಂಗು ಅವಳ ಜೊತೆ ಮಾತಾಡುತ್ತಾ ಹೋದ ಗಂಡಸು ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕು ಸೇರಿಸಿದರೂ ನನ್ನ ಸೋದರಮಾವ ಒಬ್ಬನೇ!

ಆ ಜೀಪು ನನಗಿಂತ ಹಿರಿಯದು. ಬಾಗಿಲಿಲ್ಲ, ಮೇಲೊಂದು ತಾಡಪತ್ರಿ, ಸೀಟ್ ಬೆಲ್ಟಿನ ಸುದ್ದಿಯೇ ಇಲ್ಲ. "ಇಪ್ಪತ್ತರಾಗ ಹೊಂಟಿದ್ದೆ" ಎಂದು ಮಾವನ ವಾದ. ಸ್ಪೀಡೋಮೀಟರಿನ ಮುಳ್ಳು ನಾನು ಕಂಡಾಗಿನಿಂದ ಇಪ್ಪತ್ತರ ಮೇಲೇ ಇದೆ. ಜೀಪು ಅಂಗಳದಲ್ಲಿ ನಿಂತಾಗಲೂ ಇಪ್ಪತ್ತೇ! ಹೋಗಲಿ, ಅತ್ತೆ ಗಪ್ಪಗಿರುವುದು ಕಂಡು ಅನುಮಾನವಾದರೂ ಬರಬಾರದೇ?

"ಮೂವತ್ತ ವರ್ಷದಾಗ ಮೊದಲನೇ ಸಲ ನನ್ನ ಮಾತು ಒಪ್ಪಿಕೊಂಡಾಳ ಅಂತ ತಿಳಕೊಂಡ್ನೆಪಾ ಅಳ್ಯಾ" ಎಂದ.

ಎರೆಮಣ್ಣಿನ ಹೊಲ ಅತ್ತೆಯ ಜೀವ ಉಳಿಸಿತು. ಕೈಯೊಂದು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಅತ್ತೆ ಹೇಳಿದ್ದಿಷ್ಟು: "ಇನ್ನ ಆ ಜೀಪು ಹತ್ತಂಗಿಲ್ರಿ. ನಿಮ್ಮ ಕೂಡ ತಿರುಗೂದು ಇಲ್ಲಿಗೆ ಸಾಕು."

ನರಗುಂದದಲ್ಲಿ ಅತ್ತೆಯ ಅಕ್ಕ ಇದ್ದಾರೆ. ತಿಂಗಳಿಗೊಮ್ಮೆ ಅಲ್ಲಿಗೆ ಜೋಡಿಯಾಗಿ ಹೋಗುವುದು, ದಾರಿಯುದ್ದಕ್ಕೂ ಜಗಳಾಡುವುದು, ಗಂಡ-ಹೆಂಡಿರ ಒಂದೇ ಒಂದು ವಿಹಾರ. ಅದು ನಿಂತಿತು. ಅತ್ತೆ ಬಸ್ಸಿನಲ್ಲಿ ಹೊರಟರೆ, ಮಾವ ಖಾಲಿ ಜೀಪಿನಲ್ಲಿ ಬಸ್ಸಿನ ಹಿಂದೆ! ರೋಣದಲ್ಲಿ ಅತ್ತೆ ಬಸ್ಸು ಬದಲಿಸುವ ತನಕ ಸ್ಟ್ಯಾಂಡಿನ ಹೊರಗೆ ಕಾದು, ಮತ್ತೆ ಆ ಬಸ್ಸಿನ ಬೆನ್ನು ಹಿಡಿಯುವುದು.

"ಏನ್ರಿ ಯಜಮಾನ್ರ, ಬಸ್ಸಿನ್ಯಾಗ ಮಂತ್ರಿ ಕುಂತಾರೇನು, ಬೆಂಗಾವಲಿಗೆ ಬರಾಕ?" ಎಂದು ಕಂಡಕ್ಟರ್ ಕೇಳಿದ.

"ಮಂತ್ರಿ ಅಲ್ಲೋ ತಮ್ಮಾ, ಹೈಕಮಾಂಡು!"

ಹಾಗೆ ನಗಿಸಿದವನು ಮರುದಿನವೇ ಗುಜರಿಗೆ ಹೋಗಿ, ಅಪಘಾತವಾದ ಕಾರೊಂದರ ಬೆಲ್ಟು ಬಿಚ್ಚಿಸಿಕೊಂಡು ಬಂದ.

ಮಾವನ ಮನೆಯಲ್ಲಿ ಗಟ್ಟಿತನಕ್ಕೆ ಇರುವುದು ಒಂದೇ ಪರೀಕ್ಷೆ: ಎತ್ತು ಹೂಡಿ ಜಗ್ಗಿಸುವುದು. ಹೊಸ ಹಗ್ಗ, ಬಾಗಿಲ ಚಿಲಕ, ಹೊಲದ ಗೇಟು, ಎಲ್ಲವೂ ಎತ್ತುಗಳ ಮುಂದೆ ಪಾಸಾಗಬೇಕು.

"ಮದಿವಿಗಿಂತ ಮೊದಲ ನನ್ನೂ ಜಗ್ಗಿಸಿ ನೋಡಬೇಕಿತ್ತು" ಎಂದಳು ಅತ್ತೆ, ಒಳಗಿನಿಂದ.

"ಎತ್ತು ಸೋಲ್ತಿದ್ವು!" ಎಂದ ಮಾವ, ಹೊರಗಿನಿಂದ.

ಜೀಪಿನ ನೆಲದ ತಗಡಿಗೆ ಎರಡು ಬೋಲ್ಟು ಬಿಗಿದು, ಬೆಲ್ಟಿನ ತುದಿಯನ್ನು ನೊಗಕ್ಕೆ ಕಟ್ಟಿ ಎತ್ತು ಹೊಡೆದ. ಬೆಲ್ಟು, ಬೋಲ್ಟು, ತಗಡು, ಸೀಟು, ಎಲ್ಲವೂ ಎತ್ತುಗಳ ಹಿಂದೆ ಬಾವಿಯ ಕಡೆಗೆ ಹೊರಟವು. ಸೀಟಿನ ಮೇಲೆ ಮಾವ ಕುಳಿತಿದ್ದ ಎಂದು ನನ್ನ ನೆನಪು. ಇರಲಿಕ್ಕಿಲ್ಲ. ಆದರೆ ಕುಳಿತಿರದಿದ್ದರೆ ನಾನು ಅಷ್ಟೊಂದು ನಕ್ಕದ್ದು ಯಾಕೆ?

ಗಜೇಂದ್ರಗಡದ ಮೇಸ್ತ್ರಿ ಜೀಪಿನ ಹೊಟ್ಟೆಯ ಕೆಳಗೆ ಮಲಗಿಕೊಂಡೇ ಬೈದ. "ಅಪಘಾತದಾಗ ಒಮ್ಮೆ ಜಗ್ಗಿಸಿಕೊಂಡ ಬೆಲ್ಟು ಸತ್ತಂಗ್ರಿ. ಅದನ್ನ ತಂದು ಬರೇ ತಗಡಿಗೆ ಬಿಗದೀರಿ! ಹಪ್ಪಳಕ್ಕ ಮೊಳಿ ಹೊಡದಂಗಾತು."

ಹೊಸ ಬೆಲ್ಟು ಬಂತು. ಮೇಸ್ತ್ರಿ ಜೀಪಿನ ತಳದ ಚಾಸಿಗೇ ದಪ್ಪ ಉಕ್ಕಿನ ಪಟ್ಟಿ ಕೂಡಿಸಿ ಸೀಟನ್ನೂ ಬೆಲ್ಟನ್ನೂ ಅದಕ್ಕೆ ಬಿಗಿದ. ಹೆಗಲ ಮೇಲೆ ಬರುವ ಪಟ್ಟಿಗಾಗಿ ಸೀಟಿನ ಹಿಂದೆ ಕಬ್ಬಿಣದ ಕಮಾನು ನಿಲ್ಲಿಸಿದ. ಹಿಂದಿನ ಅಡ್ಡ ಬೆಂಚನ್ನು ಮಾತ್ರ ಕಿತ್ತು ಹೊರಗಿಟ್ಟ. "ಅಡ್ಡ ಕುಂತಾವಂಗ ಬೆಲ್ಟು ಕಾಯಂಗಿಲ್ಲ. ಅಲ್ಲಿ ಯಾರೂ ಕೂಡಬಾರ್ದು." ನನ್ನ ಕಾಯಂ ಜಾಗ ಅದು! ಯಾರು ಕೇಳುತ್ತಾರೆ?

"ಎತ್ತು ಹೊಡಕೊಂಡು ಬರ್ಲೇನು?" ಎಂದ ಮಾವ.

"ಜಗ್ಗಿಸಿದ್ರ ಇದೂ ಸತ್ತಂಗ್ರಿ!"

ಮಾವ ಮೊದಲ ಬಾರಿಗೆ ಕಕ್ಕಾಬಿಕ್ಕಿಯಾದ. ಜಗ್ಗಿಸಿ ನೋಡದೆ ನಂಬುವುದು ಹ್ಯಾಂಗ? ಜಗ್ಗಿಸಿದ್ದನ್ನು ಹೆಂಡತಿಗೆ ಕಟ್ಟುವುದು ಹ್ಯಾಂಗ? ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ಇನ್ನೊಂದು ಬೆಲ್ಟು ತರಿಸಿದ. ಒಂದು ಎತ್ತಿಗೆ, ಒಂದು ಅತ್ತೆಗೆ. ಎತ್ತುಗಳು ಮೊಣಕಾಲೂರಿ ಜಗ್ಗಿದವು. ಬೆಲ್ಟು ಬಿಚ್ಚಲಿಲ್ಲ, ಬೋಲ್ಟು ಅಲುಗಲಿಲ್ಲ. ಜೀಪೇ ಅವುಗಳ ಹಿಂದೆ ಕರುವಿನಂತೆ ಹೊರಟಿತು! ಹ್ಯಾಂಡ್‌ಬ್ರೇಕಿನ ಬಗ್ಗೆ ಮೇಸ್ತ್ರಿ ಆಗ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅದನ್ನೂ ರಿಪೇರಿ ಮಾಡಿ, ಎತ್ತಿನ ಬೆಲ್ಟು ತೆಗೆದು ಅತ್ತೆಯದನ್ನು ಹಾಕಿದ.

ಅತ್ತೆ ಬಂದಳು. ಬೆಲ್ಟನ್ನು ಪಟ್ಟನೆ ಎಳೆದಳು, ಬಿಗಿಯಾಗಿ ಹಿಡಿಯಿತು. ಮೆಲ್ಲಗೆ ಎಳೆದಳು; ಸಲೀಸಾಗಿ ಬಂತು.

"ನಿಮಗಿಂತ ಶಾಣ್ಯಾ ಐತಿ ಬಿಡ್ರಿ" ಎಂದು ಏರಿ ಕುಳಿತಳು. ಮಾವ ಬಗ್ಗಿ ಬೆಲ್ಟು ಹಾಕಿದ, ಜಗ್ಗಿ ನೋಡಿದ, ಬಿಚ್ಚಿ ಮತ್ತೆ ಹಾಕಿದ.

ಬೆಂಚು ಕಳೆದುಕೊಂಡ ನಾನು ಬಸ್ಸು ಹಿಡಿದೆ. ನರಗುಂದದಲ್ಲಿ ಅತ್ತೆಯ ಅಕ್ಕನ ಮನೆಯ ಕಟ್ಟೆಯ ಮೇಲೆ ಎರಡನೇ ಕಪ್ ಚಹಾ ಮುಗಿಸುವಾಗ ಜೀಪು ಬಂತು. ಎಂಜಿನ್ನು ನಿಂತಿತು. ಇಬ್ಬರೂ ಇಳಿಯಲಿಲ್ಲ. ಅತ್ತೆ ಬೆಲ್ಟು ಹಾಕಿಕೊಂಡೇ ಕುಳಿತಿದ್ದಳು. ಮಾವ ಎದುರಿನ ಗೋಡೆ ನೋಡುತ್ತಾ ಏನೋ ಹೇಳುತ್ತಿದ್ದ, ಬಹಳ ಹೊತ್ತು. ಆಮೇಲೆ ಅತ್ತೆ ಬೆಲ್ಟಿನಡಿ ಸಿಕ್ಕಿದ್ದ ಸೆರಗನ್ನು ಬಿಡಿಸಿಕೊಂಡು ಅವನ ಮುಖ ಒರೆಸಿದಳು. ಹಾಡಹಗಲು, ಓಣಿಯ ಮಂದಿಯ ಮುಂದೆ!

"ಯಾಕ ಇಳೀಲಿಲ್ಲ ಮಾಮಾ?" ಎಂದು ಕೇಳಿದೆ. "ಎಂಜಿನ್ ಬಿಸಿ ಆಗಿತ್ತಪಾ" ಎಂದ. ಅತ್ತೆಯನ್ನು ಕೇಳಿದರೆ, "ಬೆಲ್ಟು ಬಿಚ್ಚಾಕ ತಿಳೀಲಿಲ್ಲ" ಎಂದಳು. ಎಂಜಿನ್ ಬಿಸಿಯಾದರೆ ಮನುಷ್ಯರು ಇಳಿಯಬಾರದೇ? ಬೆಲ್ಟು ಒಂದು ಕೆಂಪು ಗುಂಡಿ ಒತ್ತಿದರೆ ಬಿಚ್ಚುತ್ತದೆ.

ಮಾವ ಏನು ಹೇಳಿದನೋ ನನಗೆ ಗೊತ್ತಿಲ್ಲ.