ಎತ್ತರಕ್ಕೇರಿದ ಮಾವನ ಜೀಪು

ಎಡಕ್ಕೆ ತಿರುಗದೆ ಕನಕಪುರ ತಾಲ್ಲೂಕು ಸುತ್ತಿದ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ಅಂಥವರು ಇರುವುದು ಒಬ್ಬರೇ, ಅವರು ನಮ್ಮ ಸೋದರಮಾವ!

ದೊಡ್ಡಆಲಹಳ್ಳಿ ಕಡೆ ರೇಷ್ಮೆಹುಳು ಸಾಕುವ ಮಾವನ ಹತ್ತಿರ ಒಂದು ಹಳೇ ಜೀಪಿದೆ. ಹೊಲಕ್ಕೆ ಹೋಗುವುದು, ಗೂಡು ಮಾರಲು ಹೋಗುವುದು, ಶುಕ್ರವಾರ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಬ್ಬಾಳಮ್ಮನ ದರ್ಶನಕ್ಕೆ ಹೋಗುವುದು, ಅದರ ಕೆಲಸ ಇಷ್ಟೇ. ಎಲ್ಲ ಕಡೆಯೂ ಟಾರು ರಸ್ತೆ. ಹೀಗಿರುವಾಗ ರಾಮನಗರದ ಬೆಟ್ಟದ ಬುಡದಲ್ಲಿ ಹುಡುಗರು ದೊಡ್ಡ ಚಕ್ರದ ಜೀಪುಗಳನ್ನು ಬಂಡೆ ಹತ್ತಿಸುವುದನ್ನು ಮಾವ ನೋಡಿಬಿಟ್ಟರು. ಅಲ್ಲಿಗೆ ಮನೆಯ ನೆಮ್ಮದಿ ಪಂಕ್ಚರ್ ಆಯಿತು.

ಮೊದಲು ಟೈರುಗಳು ಬಂದವು. ಕಾಡು, ಕೆಸರು, ಬಂಡೆಗೆಂದೇ ಹುಟ್ಟಿದ ಭೀಮಗಾತ್ರದ ಟೈರುಗಳು! ಜೀಪನ್ನು ಎತ್ತರಿಸದೆಯೇ ಅವನ್ನು ಹಾಕಿಸಿದ್ದರಿಂದ, ಎಡಕ್ಕೆ ತಿರುಗಿಸಿದರೆ ಸಾಕು, ಟೈರು ಮಡ್‌ಗಾರ್ಡಿಗೆ ಉಜ್ಜಿ ಕಿರ್ರೋ ಎನ್ನುತ್ತಿತ್ತು. ಮಾವ ಜಗ್ಗುತ್ತಾರೆಯೇ? ಬರೀ ಬಲತಿರುವುಗಳನ್ನು ಪೋಣಿಸಿ ದಾರಿ ಕಂಡುಕೊಂಡರು. ಮರಳವಾಡಿಯ ನಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೆಂದು ಹೊರಟವರು ಸಂಜೆ ಕಾಫಿಯ ಹೊತ್ತಿಗೆ ತಲುಪಿದರು.

"ಯಾಕ್ ಮಾವ ಇಷ್ಟೊತ್ತು?" ಎಂದೆ.

"ನಿಮ್ ಮನೆ ಎಡಗಡೆ ಐತೆ ಕಣ್ಲಾ, ನಾನೇನ್ ಮಾಡ್ಲಿ?"

ಕೊನೆಗೆ ಕನಕಪುರದ ಗ್ಯಾರೇಜೊಂದರಲ್ಲಿ ಸ್ಪ್ರಿಂಗು ಬದಲಾಯಿಸಿ, ಸಸ್ಪೆನ್ಷನ್ ಲಿಫ್ಟ್ ಎಂಬುದನ್ನು ಮಾಡಿಸಿ ಜೀಪನ್ನೇ ಎತ್ತರಿಸಿದರು. ಜೀಪೇನೋ ಎರಡೂ ಕಡೆ ತಿರುಗತೊಡಗಿತು, ಆದರೆ ಶೆಡ್ಡಿನೊಳಗೆ ಹೋಗದಾಯಿತು. ಮಾವ ಶೆಡ್ಡಿನ ತಗಡನ್ನೇ ಬಿಚ್ಚಿಸಿದರು! ಈಗ ಮಳೆ ಬಂದರೆ ತಾವು ನೆನೆಯುತ್ತ ಜೀಪಿಗೆ ಟಾರ್ಪಾಲು ಹೊದಿಸುತ್ತಾರೆ.

ಹೊಸ ಅವತಾರಕ್ಕೆ ಪೂಜೆಯಾಗಬೇಡವೇ? ಶುಕ್ರವಾರ ಕಬ್ಬಾಳಿಗೆ ಹೊರಟೆವು. ಅತ್ತೆಗೆ ಮಂಡಿನೋವು. ಪ್ಲಾಸ್ಟಿಕ್ ಕುರ್ಚಿ ಇಟ್ಟು, ಮಾವ ಮೇಲಿನಿಂದ ಎಳೆದು, ನಾನು ಕೆಳಗಿನಿಂದ ತಳ್ಳಿ, ಅಂತೂ ಹತ್ತಿಸಿದೆವು.

"ಇದೇನ್ರೀ, ಹುಲ್ಲಿನ ಮೆದೆ ಮೇಲೆ ಕುಂತಂಗೈತೆ!" ಎಂದರು ಅತ್ತೆ, ಕಂಬಿಯನ್ನು ಬಿಗಿಯಾಗಿ ಹಿಡಿದು.

ದೇವಸ್ಥಾನದ ಮುಂದೆ ಮಂಗಳಾರತಿಯಾಯಿತು. ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮಾವ ಗತ್ತಿನಿಂದ ಜೀಪನ್ನು ಮುಂದಕ್ಕೆ ಸರಿಸಿದರು. ಮೂರು ಹಣ್ಣು ಪಚ್ಚೆಂದವು. ಇನ್ನೊಂದು? ಅದು ಟೈರಿನ ಹಳ್ಳದೊಳಗೆ ಸಿಕ್ಕಿಕೊಂಡು, ಚಕ್ರದ ಜೊತೆಗೇ ಮೇಲೇರಿ, ನೆರೆದವರಿಗೆಲ್ಲ ದರ್ಶನ ಕೊಟ್ಟು, ಏನೂ ಆಗದೆ ಕೆಳಗೆ ಬಂತು!

ನಾನು ನಕ್ಕೆ. ಅತ್ತೆ ನಗಲಿಲ್ಲ.

"ನಿಂಬೆಹಣ್ಣು ಒಡೀನಿಲ್ಲ. ಅಮ್ಮ ಒಪ್ಪಿಲ್ಲ. ಇದ್ನ ಕೆಳಕ್ಕಿಳಿಸೋಗಂಟ ನಾನ್ ಹತ್ತಾಕಿಲ್ಲ," ಎಂದವರೇ ಬಸ್ಸು ಹಿಡಿದು ಮನೆಗೆ ಹೋದರು.

"ಇನ್ನೊಂದ್ ವಾರ ಹೋಗ್ಲಿ, ತಾನೇ ಬತ್ತಾಳೆ ಬುಡು," ಎಂದರು ಮಾವ.

ಅತ್ತೆ ಬರಲಿಲ್ಲ. ಶುಕ್ರವಾರ ಬಂತೆಂದರೆ ಅತ್ತೆ ಬಸ್ಸಿನಲ್ಲಿ, ಮಾವ ಬಸ್ಸಿನ ಹಿಂದೆ ಜೀಪಿನಲ್ಲಿ. ಬಸ್ಸು ನಿಂತಲ್ಲೆಲ್ಲ ಜೀಪೂ ನಿಲ್ಲುತ್ತಿತ್ತು. ಬಂಡೆ ಹತ್ತಬೇಕಾದ ಟೈರುಗಳು ಬಸ್ ಸ್ಟಾಪುಗಳ ಲೆಕ್ಕ ಇಡತೊಡಗಿದವು. ಒಂದು ಸಲ ನಾನೂ ಮಾವನ ಜೊತೆಗಿದ್ದೆ, ಹಿಂದಿನ ಸೀಟಿನಲ್ಲಿ. ಮುಂದಿನದರಲ್ಲಿ ಕೂರಲು ಅವರು ಯಾರನ್ನೂ ಬಿಡುತ್ತಿರಲಿಲ್ಲ. ಬೇಸತ್ತ ಕಂಡಕ್ಟರ್ ಬಾಗಿಲಲ್ಲಿ ಬಾಗಿ ಕೂಗಿದ:

"ಯಜಮಾನ್ರೇ, ದಾರಿ ಬುಟ್ಟಿದ್ದೀವಿ, ಮುಂದಕ್ ಹೋಗಿ!"

"ನನ್ ಹೆಂಡ್ತಿ ನಿನ್ ಬಸ್‌ನಾಗವ್ಳೆ ಕಣಪ್ಪ, ನಾನೆಲ್ಲಿಗ್ ಹೋಗ್ಲಿ?"

ಬಸ್ಸಿಗೆ ಬಸ್ಸೇ ನಕ್ಕಿತು. ಅತ್ತೆ ಮಾತ್ರ ತಿರುಗಿ ನೋಡಲಿಲ್ಲ. ಮಾವನ ಮುಖ ಸಣ್ಣದಾದದ್ದು ಕಂಡು ನನಗೆ ಅಯ್ಯೋ ಎನಿಸಿತು.

ಮೊನ್ನೆ ಮಾವ, "ಲೇ, ಗ್ಯಾರೇಜ್‌ಗೆ ಹೋಗಾನ ಬಾ," ಎಂದರು. ಇನ್ನೂ ದೊಡ್ಡ ಟೈರು ಬಂದಿರಬೇಕು ಎಂದುಕೊಂಡೇ ಹೊರಟೆ. ಆದರೆ ಅಲ್ಲಿ ಅವರು ಹೇಳಿದ್ದು, ಹಳೇ ಟೈರು, ಹಳೇ ಸ್ಪ್ರಿಂಗುಗಳನ್ನೇ ವಾಪಸು ಹಾಕಲು. ಮೆಕ್ಯಾನಿಕ್ ತಬ್ಬಿಬ್ಬಾದ.

"ಅಂದ್ರೆ, ಮೊದಲು ಎಷ್ಟಿತ್ತೋ ಅಷ್ಟಕ್ಕೇ ಇಳಿಸ್ಬುಡ್ಲಾ?"

ಮಾವ ತಮ್ಮ ಪಕ್ಕದ ಸೀಟಿನ ಧೂಳನ್ನು ಟವೆಲಿನಿಂದ ಒರೆಸುತ್ತಿದ್ದರು. ಮೆಲ್ಲಗೆ ಹೇಳಿದರು:

"ಅದಕ್ಕಿಂತ ಒಸಿ ಕೆಳಕ್ಕಾಯ್ತದಾ ನೋಡಪ್ಪ. ಅವ್ಳ ಮಂಡಿ ಈಗ ಅಷ್ಟೂ ಮೇಲಕ್ಕೆ ಬರಾಕಿಲ್ಲ."