ಗಿರಣಿಯ ಒಳಗಿನ ಸುದ್ದಿ

ಒಳಗಿನ ಸುದ್ದಿ ಬೇಕೆಂದು ಗುರುರಾಜ ಹಟ ಹಿಡಿದದ್ದೇ ತಪ್ಪಾಯಿತು. ನಮ್ಮಂಥವರಿಗೆ ಹೊರಗಿನ ಸುದ್ದಿಯೇ ನೆಟ್ಟಗೆ ಅರಗುವುದಿಲ್ಲ.

ಕಚೇರಿ ಗುಮಾಸ್ತನಾದ ಅವನು ಹೆಂಡತಿ ತಾರಾಬಾಯಿಯ ಕೈಯಲ್ಲಿದ್ದ ಚಿನ್ನದ ಪಾಟಲಿಗಳನ್ನು ಮಾರಿ, ಆಕೆಯ ಹೆಸರಿನಲ್ಲೇ ಒಂದು ನೂಲಿನ ಗಿರಣಿಯ ಶೇರು ಕೊಂಡಿದ್ದ. ದೀಪಾವಳಿಯೊಳಗೆ ಹೊಸ ಪಾಟಲಿ ಮಾಡಿಸಿಕೊಡುವೆನೆಂದು ಮಾತು ಕೊಟ್ಟಿದ್ದ. ಏಜೆಂಟ ಪುಂಡಲೀಕಪ್ಪ ಬೆಟಗೇರಿಯ ಅರ್ಧ ಓಣಿಗೆ ಅದೇ ಶೇರು ಕಟ್ಟಿದ್ದ. ಈಗ ನೋಡಿದರೆ ಬೆಲೆ ದಿನವೂ ಇಳಿಯುತ್ತಿತ್ತು; ಮಾಲೀಕರೇ ಗುಟ್ಟಾಗಿ ಮಾರುತ್ತಿದ್ದಾರೆ, ಗಿರಣಿ ಮುಚ್ಚುತ್ತದೆ ಎಂಬ ಗಾಳಿಸುದ್ದಿ ಬೇರೆ. ತಾರಾಬಾಯಿ ಬರೀ ಗಾಜಿನ ಬಳೆಯ ಕೈಯಿಂದ ಬಡಿಸುವಾಗ ಗುರುರಾಜ ತಾಟಿನಿಂದ ತಲೆ ಎತ್ತುತ್ತಿರಲಿಲ್ಲ.

ಪುಣ್ಯಕ್ಕೆ ಅವನ ಷಡ್ಡಕ ಗೋಪಾಲ ಹುಬ್ಬಳ್ಳಿಯಲ್ಲಿ ಅದೇ ಗಿರಣಿಯ ಆಫೀಸಿನಲ್ಲಿ ಟೈಪಿಸ್ಟನಾಗಿದ್ದ. ಗುರುರಾಜ ರಜೆ ಹಾಕಿ, ಪೋಸ್ಟ್ ಆಫೀಸಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತ. ಮಗ್ಗುಲಲ್ಲಿ ನೇಕಾರ ತಿರಕಪ್ಪ, ದರ್ಜಿ ಇಸ್ಮಾಯಿಲಸಾಬ. ಇಬ್ಬರೂ ಅದೇ ಶೇರು ಕೊಂಡವರು.

"ಏನ್ರೀ, ಹುಬ್ಬಳ್ಳಿಗೆ ಫೋನು? ಗಿರಣಿ ಖಬರ ಏನರ ಐತೇನು?" ಎಂದ ಇಸ್ಮಾಯಿಲಸಾಬ.

"ಏನಿಲ್ರಿ, ಮನೀ ವಿಷಯ," ಎಂದು ಗುರುರಾಜ ಮುಖ ತಿರುಗಿಸಿದ.

ಮಧ್ಯಾಹ್ನ ದಾಟಿದ ಮೇಲೆ ಲೈನು ಸಿಕ್ಕಿತು. ಅಲ್ಲಿ ಸಾಹೇಬರು ಹತ್ತಿರವೇ ಇದ್ದುದರಿಂದ ಗೋಪಾಲ ಪಿಸುಗುಟ್ಟಿದ. ಇಲ್ಲಿ ಲೈನಿನ ತುಂಬ ಚುರುಮುರಿ ಹುರಿದಂಥ ಸದ್ದು. ಕೇಳಿದ ಮಾತನ್ನೆಲ್ಲ ತಿರುಗಿಸಿ ಒದರಿ ಖಾತ್ರಿ ಮಾಡಿಕೊಳ್ಳುವುದು ಗುರುರಾಜನ ಚಾಳಿ.

"ಏನಂದಿ? ಗಿರಣಿ ಮುಚ್ಚತದ ಅಂತ?... ಮಾಲಕರೇ ಮಾರಲಿಕ್ಕೆ ಹತ್ಯಾರ ಅಂತ?... ಇದ್ದ ಶೇರೆಲ್ಲಾ ಇವತ್ತ ಮಾರಬೇಕಂತ? ಜೋರ ಹೇಳೋ ಮಾರಾಯಾ!"

ಗೋಪಾಲ ಸಾಹೇಬರ ಅಂಜಿಕೆ ಬಿಟ್ಟು ಮಾತು ಮುಗಿಸಿದ. "ಹಂಗಂತ ಮಾಲಕರೇ ಸುದ್ದಿ ಹಬ್ಬಿಸ್ಯಾರ್ರಿ! ಮಂದಿ ಅಂಜಿ ಮಾರಿದ್ರ ತಾವು ಅಗ್ಗದಾಗ ಕೊಂಡು, ಆಮ್ಯಾಲೆ ಬೆಲೆ ಏರಸೋದು ಅವರ ಆಟ. ನೀವು ಬಾಯಿ ಮುಚಗೊಂಡು ಸುಮ್ಮನ ಕೂಡ್ರಿ!"

ಗುರುರಾಜ ಹಿಗ್ಗಿ ತಿರುಗಿದರೆ ಬೆಂಚು ಖಾಲಿ.

ಕೌಂಟರಿನ ನಿಜಾಮುದ್ದೀನ ಮುಖ ಸಣ್ಣದು ಮಾಡಿ ಹೇಳಿದ. "ನೀವು ಒದರೋದು ಕೇಳಿ ಎಲ್ಲಾರೂ ಪುಂಡಲೀಕಪ್ಪನ ಮನಿಗೆ ಓಡ್ಯಾರ್ರಿ. ನಂಗ ಕೌಂಟರ್ ಬಿಡಾಕ ಬರಂಗಿಲ್ಲ. ನನ್ನ ಶೇರೂ ಮಾರಾಕ ಹೇಳಿಬಿಡ್ರಿ."

ಗುರುರಾಜ ಎದ್ದುಬಿದ್ದು ಓಡಿದ. ಪುಂಡಲೀಕಪ್ಪನ ಕಟ್ಟೆಗೆ ಮಂದಿ ಸೀಮೆಎಣ್ಣೆಗೆ ಹಚ್ಚಿದಂತೆ ಪಾಳಿ ಹಚ್ಚಿದ್ದರು. ಪುಂಡಲೀಕಪ್ಪ ಎಲ್ಲೋ ಹೋಗಿದ್ದ; ಅವನ ತಮ್ಮ ಸಹಿ ಮಾಡಿಸಿಕೊಂಡು ಅರ್ಧ ಬೆಲೆಗೆ ರೊಕ್ಕ ಕೊಡುತ್ತಿದ್ದ.

"ಮಾರಬ್ಯಾಡ್ರಿ! ಸುಳ್ಳು ಸುದ್ದಿ! ಮಾಲಕರ ಆಟ ಅದು!"

ಇಸ್ಮಾಯಿಲಸಾಬ ಕಣ್ಣು ಕಿರಿದು ಮಾಡಿದ. "ಆಗ ಮಾರ್ರಿ ಅಂತ ಒದರಿದ್ರಿ, ಈಗ ಬ್ಯಾಡ ಅಂತೀರಿ. ನಾವು ಸುಮ್ಮನ ಕುಂತ್ರ ನಿಮ್ಮ ಶೇರಿಗೆ ಚಲೋ ರೇಟು ಸಿಗತೈತಿ, ಹೌದಲ್ಲೋ?"

"ಗುರುರಾಜ್ರೂ ಒಳಗಿನವ್ರ ಆದ್ರಲೇ!" ಎಂದ ತಿರಕಪ್ಪ. ಎಲ್ಲರೂ ನಕ್ಕು ಅವನನ್ನು ಪಾಳಿಯಿಂದಾಚೆ ತಳ್ಳಿದರು.

"ಹಾಳಾಗಿ ಹೋಗ್ರಿ!" ಎಂದು ಗುರುರಾಜ ಮನೆಯ ದಾರಿ ಹಿಡಿದ. ಆದರೂ ತನ್ನ ಶೇರು ಪೆಟ್ಟಿಗೆಯಲ್ಲಿ ಭದ್ರವಾಗಿವೆಯಲ್ಲ ಎಂಬ ಸಮಾಧಾನ. ಬೆಲೆ ಏರಿದರೆ ಪಾಟಲಿಯ ಜೊತೆ ಬೆಂಡೋಲೆಯನ್ನೂ ಮಾಡಿಸಬಹುದೆಂದು ಯೋಚಿಸುತ್ತ ಹೊಸ್ತಿಲು ದಾಟಿದ.

ತಾರಾಬಾಯಿ ನಗುತ್ತ ನೀರು ಕೊಟ್ಟಳು. "ಪುಂಡಲೀಕಪ್ಪ ಮನೀಗೇ ಬಂದಿದ್ನ್ರಿ. ಸಹಿ ಮಾಡಿ ಎಲ್ಲಾ ಶೇರು ಕೊಟ್ಟುಬಿಟ್ಟೆ. ಅರ್ಧ ರೊಕ್ಕರ ಉಳೀತು. ಒಂದು ಕೈಗೆ ಪಾಟಲಿ ಆಗತದ."

ಗುರುರಾಜ ನೀರು ಕುಡಿಯದೆ ತಂಬಿಗೆ ಕೆಳಗಿಟ್ಟ. "ಯಾರ ಮಾತು ಕೇಳಿ ಮಾರಿದಿ?"

"ಗಿರಣಿ ಮಾಲಕರ ಅಳಿಯ ಅಂತ್ರಿ, ಪೋಸ್ಟಿನ್ಯಾಗ ನಿಂತು ಊರಿಗೆಲ್ಲಾ ಕೇಳೋಹಂಗ ಒದರಿ ಹೇಳ್ಯಾನಂತ. ಮಗ್ಗಲಮನಿ ನೀಲಗಂಗವ್ವ ಓಡಿ ಬಂದು ತಿಳಿಸಿದ್ಲು. ಅಂಥಾ ತಿಳಿದಾಂವ ಒಬ್ಬಾಂವ ನಮ್ಮ ಮನ್ಯಾಗ ಇದ್ದಿದ್ರ, ನಾ ಯಾಕ ಪಾಟಲಿ ಕಳಕೋತಿದ್ದೆ ಹೇಳ್ರಿ?"